ಶುಕ್ರವಾರ ಗುರುತು ಹಿಡಿಯದ ಫೋನು

ಡಬ್ಬ ಬಿಚ್ಚುವ ಹಕ್ಕು ಯಾರದು ಎಂಬುದರ ಮೇಲೆಯೇ ಮೊದಲ ಜಗಳ ಶುರುವಾಯಿತು.

ಡಿಸೆಂಬರ್ ತಿಂಗಳ ಮೊದಲ ಭಾನುವಾರದ ಸಂಜೆ. ಕೆಂಗೇರಿ ಉಪನಗರದ ಆ ಮನೆಯ ನಡುಮನೆಯಲ್ಲಿ ಇಡೀ ಸಂಸಾರ ಒಂದು ಬಿಳಿಯ ಡಬ್ಬವನ್ನು ಸುತ್ತುವರಿದಿತ್ತು. ಅಂಗಡಿಯಿಂದ ತಂದವನು ತಾನಾದ್ದರಿಂದ ತಾನೇ ಬಿಚ್ಚಬೇಕೆಂದು ಯೋಗಾನಂದನ ವಾದ. ಈ ಮನೆಯಲ್ಲಿ ಇಂಥದ್ದನ್ನು ಬಿಚ್ಚಲು ಬರುವುದು ತನಗೊಬ್ಬಳಿಗೇ ಎಂದು ಎಂಟನೆಯ ತರಗತಿಯ ಮಗಳು ಸ್ಪಂದನಳ ವಾದ. ಫೋನು ಯಾರಿಗಾಗಿ ಬಂದಿತ್ತೋ ಆ ಚೈತ್ರ ಮಾತ್ರ ಅವರೆಕಾಯಿ ಸುಲಿದ ಕೈಯನ್ನು ಎರಡನೆಯ ಸಲ ತೊಳೆಯುತ್ತಿದ್ದಳು. ಹೊಸ ಫೋನಿಗೆ ಸೊಗಡು ಅಂಟಬಾರದೆಂದು ಅವಳ ಕಾಳಜಿ.

"ಅಪ್ಪಾ, ಹಲ್ಲಲ್ಲಿ ಕಚ್ಚಬೇಡ! ಎಳೆಯೋಕೆ ಪಟ್ಟಿ ಕೊಟ್ಟಿದಾರೆ ನೋಡು."

"ನಿಮ್ಮಪ್ಪ ಹುಟ್ಟಿದಾಗಿಂದ ಹಾಗೇ ಕಣಮ್ಮ. ಬಿಸ್ಕತ್ತಾದರೂ ಸರಿ, ಫೋನಾದರೂ ಸರಿ," ಎಂದರು ತಾತ ಚನ್ನಕೇಶವ. ಕೊನೆಗೆ ಡಬ್ಬ ಬಾಯಿ ಬಿಟ್ಟು, ಕನ್ನಡಿಯಂತೆ ಹೊಳೆಯುವ ಫೋನು ಕೈಯಿಂದ ಕೈಗೆ ಸಾಗಿ ಅವರ ಬಳಿ ಬಂದಾಗ ತಿರುಗಿಸಿ ತಿರುಗಿಸಿ ನೋಡಿದರು. "ಗುಂಡಿಗಳೆಲ್ಲಿ?"

"ಗುಂಡಿ ಇರಲ್ಲ ತಾತ. ಮುಟ್ಟಿದ್ರೆ ಸಾಕು."

"ಮುಟ್ಟಿದ್ರೆ ಸಾಕಾ? ಮೂವತ್ತೈದು ವರ್ಷ ಲೈನ್‌ಮನ್ ಆಗಿದ್ದೋನು ಕಣೇ ನಾನು. ಮುಟ್ಟಿದ್ರೆ ಸಾಕು ಅನ್ನೋ ಸಾಮಾನಿಗೆಲ್ಲ ದೂರದಿಂದಲೇ ನಮಸ್ಕಾರ ಮಾಡಿದೀನಿ." ಹೀಗೆಂದು ಅವರು ಫೋನನ್ನು ಸೊಸೆಯ ಕೈಗೆ ದಾಟಿಸಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ವಿಮಲಮ್ಮ ಇಷ್ಟು ಹೊತ್ತೂ ತುಟಿ ಬಿಚ್ಚಿರಲಿಲ್ಲ. ಈಗ ಬಿಚ್ಚಿದರು. "ಹದಿನಾಲ್ಕು ಸಾವಿರ! ಅದ್ಯಾವ ಸೀಮೆ ಕೆಲ್ಸ ಕಣೇ ಚೈತ್ರ? ಸೇರೋಕೆ ಮುಂಚೆನೇ ಮನೆ ದುಡ್ಡು ಕೇಳ್ತದೆ!"

ಕೆಲಸ ಸಿಕ್ಕಿದ್ದು ರಾಜರಾಜೇಶ್ವರಿನಗರದ ದೊಡ್ಡದೊಂದು ಅಪಾರ್ಟ್‌ಮೆಂಟಿನ ನಿರ್ವಹಣಾ ಕಚೇರಿಯಲ್ಲಿ. ನಿವಾಸಿಗಳ ದೂರುಗಳನ್ನು ಬರೆದುಕೊಂಡು ಸಂಬಂಧಪಟ್ಟವರಿಗೆ ಒಪ್ಪಿಸುವುದು. ಮದುವೆಯಾಗಿ ಹದಿನೈದು ವರ್ಷಗಳ ಮೇಲೆ ಚೈತ್ರಳಿಗೆ ಸಿಕ್ಕ ಮೊದಲ ಕೆಲಸ ಅದು. ಷರತ್ತು ಒಂದೇ. ಬೆಳಿಗ್ಗೆ ಎಂಟರೊಳಗೆ ಗೇಟಿನ ಬಳಿ ನಿಂತು ತನ್ನ ಫೋನಿನಲ್ಲಿ ತನ್ನದೇ ಮುಖದ ಚಿತ್ರ ತೆಗೆಯಬೇಕು. ಕಂಪನಿಯ ಆ್ಯಪು ಗುರುತು ಹಿಡಿದರೆ ಹಾಜರಿ. ಮೂರು ಪ್ರಯತ್ನದಲ್ಲಿ ಗುರುತು ಹಿಡಿಯದಿದ್ದರೆ ಆ ದಿನ ಗೈರು. ಮೊದಲ ತಿಂಗಳು ಪರೀಕ್ಷೆಯ ಕಾಲ. ನಾಲ್ಕು ಗೈರು ಬಿದ್ದರೆ ಕೆಲಸವಿಲ್ಲ. ಅವಳ ಗುಂಡಿಯೊತ್ತುವ ಹಳೆಯ ಫೋನಿಗೆ ಮುಖದ ಗೊಡವೆಯೇ ಇರಲಿಲ್ಲ.

ವಿಮಲಮ್ಮ ಒಳಗೆ ಹೋಗಿ ಅರಿಶಿನ ಕುಂಕುಮದ ತಟ್ಟೆಯೊಂದಿಗೆ ಬಂದರು. "ಏನೇ ಇರ್ಲಿ, ಹೊಸ ಸಾಮಾನು ಮನೆಗೆ ಬಂದೈತೆ. ಒಂದು ಬೊಟ್ಟು ಇಟ್ಬಿಡ್ತೀನಿ, ಕೊಡು."

ಯೋಗಾನಂದ ಫೋನನ್ನು ಎದೆಗೆ ಅವಚಿಕೊಂಡ. "ಅಮ್ಮಾ! ಇದೇನು ಸ್ಕೂಟರ್ರಾ? ಚಕ್ರಕ್ಕೆ ನಿಂಬೆಹಣ್ಣು ಇಡ್ತೀಯಾ ಇನ್ನು? ಸಂದಿಗೆಲ್ಲ ಕುಂಕುಮ ಹೋದ್ರೆ ಹದಿನಾಲ್ಕು ಸಾವಿರ ಗೋವಿಂದ."

ತಾತ ಮೊಮ್ಮಗಳು ಬಿದ್ದು ಬಿದ್ದು ನಕ್ಕರು. ಚೈತ್ರಳಿಗೂ ನಗು ಬಂತು, ತಡೆದುಕೊಂಡಳು.

"ಆಯ್ತಪ್ಪ, ಮುಟ್ಟಲ್ಲ. ನಿಮ್ಮ ಫೋನು, ನಿಮ್ಮ ಸೊಬಗು," ಎಂದು ವಿಮಲಮ್ಮ ತಟ್ಟೆಯನ್ನು ಒಳಗೆ ಒಯ್ದರು.

ಫೋನಿನ ಚಾರ್ಜಿಗೆ ಮನೆಯ ಯಾವ ಪ್ಲಗ್ಗು ಭದ್ರ ಎಂಬ ತೀರ್ಪು ಸಹಜವಾಗಿಯೇ ಚನ್ನಕೇಶವರದ್ದಾಯಿತು. ಪ್ರತಿ ಗೋಡೆಯನ್ನೂ ಪರಿಶೀಲಿಸಿ, ದೇವರ ಗೂಡಿನ ಪಕ್ಕದ್ದೇ ಸರಿ ಎಂದು ಅವರು ಘೋಷಿಸಿದರು. ಅಂದಿನಿಂದ ರಾತ್ರಿಯೆಲ್ಲ ಫೋನಿನ ವಾಸ ಅಲ್ಲಿಯೇ.

ಸೋಮವಾರ ಬೆಳಿಗ್ಗೆ ಏಳೂವರೆಯ ಮೆಟ್ರೋ ಹಿಡಿದು, ಗೇಟಿನ ಬಳಿ ಇಳಿಜಾರಿನಲ್ಲಿ ನಿಂತು, ಚೈತ್ರ ಪರದೆಯನ್ನು ಮುಟ್ಟಿದಳು. ಒಂದು ಹಸಿರು ಗೆರೆ ಅವಳ ಮುಖದ ಸುತ್ತ ಸುತ್ತಿ ಬಂತು. "ಹಾಜರಿ ದಾಖಲಾಗಿದೆ" ಎಂಬ ಅಕ್ಷರಗಳು ಮೂಡಿದವು. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಅವಳು ಫೋನಿಗೆ ಸಣ್ಣಗೆ ನಕ್ಕಳು.

ಆ ವಾರವೆಲ್ಲ ಮನೆಯಲ್ಲಿ ಹಬ್ಬದ ಕಳೆ. ಸಂಜೆ ಚೈತ್ರ ಬಂದೊಡನೆ ಫೋನಿಗಾಗಿ ಸರದಿ ನಿಲ್ಲುತ್ತಿತ್ತು. ಚನ್ನಕೇಶವರು ಒಂದೇ ಬೆರಳಿನಿಂದ, ಬಿಸಿ ಹೆಂಚನ್ನು ಮುಟ್ಟುವವರಂತೆ ಪರದೆಯನ್ನು ಮುಟ್ಟಿ, ಯಾವುದೋ ದೇಶದಲ್ಲಿ ಹಿಮದ ನಡುವೆ ಕಂಬ ಹತ್ತುವ ಲೈನ್‌ಮನ್ನುಗಳನ್ನು ನೋಡಿ "ಬೆಲ್ಟು ಸರಿಯಾಗಿ ಕಟ್ಟಿಲ್ಲ ಬಡ್ಡೀಮಗ" ಎಂದು ಬೈಯುತ್ತಿದ್ದರು. ವಿಮಲಮ್ಮ ಫೋನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಗಿನ ಅಡುಗೆ ತಮ್ಮ ತಲೆಗೆ ಬಿತ್ತೆಂದು ಪಾತ್ರೆಗಳ ಮೂಲಕ ಸಾರುತ್ತಿದ್ದರು. ಆದರೂ ಚೈತ್ರಳ ಊಟದ ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಪ್ಪುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅವಳು ಅಪಾರ್ಟ್‌ಮೆಂಟಿನ ಸಮಾಚಾರ ಹೇಳುವಾಗ ಅವರು ಬಡಿಸುವ ಸೌಟನ್ನು ಹಿಡಿದುಕೊಂಡೇ ನಿಂತುಬಿಡುತ್ತಿದ್ದರು.

"ಸಿ ಬ್ಲಾಕಿನೋರ ನಾಯಿ ಲಿಫ್ಟಲ್ಲಿ ಹೋಗ್ಬಾರ್ದು ಅಂತ ಬಿ ಬ್ಲಾಕಿನೋರ ದೂರು. ಆ ನಾಯಿಗೆ ಮಂಡಿನೋವು ಅಂತೆ, ಡಾಕ್ಟರ್ ಚೀಟಿ ತಂದು ಕೊಟ್ಟವ್ರೆ!"

"ನಾಯಿಗೆ ಮಂಡಿನೋವಾ? ಆಮೇಲೆ?" ಎನ್ನುವರು ವಿಮಲಮ್ಮ. ಮರುಕ್ಷಣವೇ ಎಚ್ಚೆತ್ತು, "ಅಂಥಾ ಕೆಲ್ಸಕ್ಕೆ ಎಂಟು ಗಂಟೆಗೇ ಓಡ್ಬೇಕಾ?" ಎಂದು ಸೇರಿಸುವರು.

ಶುಕ್ರವಾರ ಬಂತು. ಅಂದು ಗೇಟಿನ ಬಳಿ ಚೈತ್ರ ಫೋನನ್ನು ಎತ್ತಿ ಹಿಡಿದಾಗ ಪರದೆಯ ಮೇಲೆ ಕಂಡದ್ದು ಅವಳ ಮುಖವಲ್ಲ. ಕೆಂಪು ಬೆರೆತ ಮಂಜು, ಅದರ ನಡುವೆ ಮುಖವೆಂದು ಊಹಿಸಬಹುದಾದ ಒಂದು ಛಾಯೆ. "ಮುಖ ಸ್ಪಷ್ಟವಾಗಿಲ್ಲ" ಎಂದಿತು ಆ್ಯಪು. ದುಪಟ್ಟಾದಿಂದ ಪರದೆಯನ್ನು ಉಜ್ಜಿದಳು. ಮಂಜು ಇನ್ನಷ್ಟು ದಟ್ಟವಾಯಿತು. ಎರಡನೆಯ ಸಲ, ಮೂರನೆಯ ಸಲ. ಪರದೆ ಕೆಂಪಾಗಿ ಮುಚ್ಚಿಕೊಂಡಿತು.

ವ್ಯವಸ್ಥಾಪಕ ಗಿರಿರಾಜ್ ಕೆಟ್ಟವನಲ್ಲ. ಯಂತ್ರದ ಮಾತಿಗೆ ಎದುರಾಡದವನು. "ನೀವು ನನ್ನ ಎದುರಿಗೇ ಇದೀರ ಮೇಡಂ, ನಾನೂ ಕಣ್ಣಾರೆ ನೋಡ್ತಾ ಇದೀನಿ. ಆದ್ರೆ ನಾನು ನೋಡಿದ್ರೆ ಆಗಲ್ಲ, ಸಿಸ್ಟಮ್ ನೋಡ್ಬೇಕು."

ದಿನವೆಲ್ಲ ದುಡಿದರೂ ಅಂದು ಚೈತ್ರ ಗೈರು.

"ಡಿಸೆಂಬರ್ ಮಂಜು ಕಣೇ," ಎಂದ ಯೋಗಾನಂದ ರಾತ್ರಿ. "ಲೆನ್ಸಿಗೆ ಥಂಡಿ ಹಿಡಿದಿರುತ್ತೆ." ಫೋನು ಅಷ್ಟರಲ್ಲಿ ತಾನಾಗಿಯೇ ಬಹುಮಟ್ಟಿಗೆ ಸರಿಹೋಗಿತ್ತು. ಶನಿವಾರ ಹಸಿರು ಗೆರೆ ಎಂದಿನಂತೆ ಸುತ್ತಿ ಬಂತು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ ಯಾವ ತಕರಾರೂ ಇಲ್ಲ.

ಎರಡನೆಯ ಶುಕ್ರವಾರ ಮತ್ತೆ ಅದೇ ಕೆಂಪು ಮಂಜು. ಅಂದು ಆಕಾಶದಲ್ಲಿ ಮಂಜಿನ ಸುಳಿವೇ ಇರಲಿಲ್ಲ.

ಈಗ ಮನೆಮಂದಿಯೆಲ್ಲ ಪತ್ತೇದಾರರಾದರು. ಶುಕ್ರವಾರ ವೋಲ್ಟೇಜು ಏರುಪೇರಾಗುತ್ತದೆಂದು ಚನ್ನಕೇಶವರು ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಸ್ಪಂದನ ಬೇರೆಯದೇ ಸಿದ್ಧಾಂತ ಮಂಡಿಸಿದಳು. "ಅಮ್ಮ, ಶುಕ್ರವಾರ ನೀನು ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಕೊಂಡು ಹೋಗ್ತೀಯ. ಫೋನಿಗೆ ನೀನು ಬೇರೆ ಯಾರೋ ಅನ್ಸುತ್ತೆ."

"ಹಂಗಾದ್ರೆ ಶುಕ್ರವಾರ ತಲೆಗೇ ನೀರು ಹಾಕ್ಕೋಬಾರ್ದಾ? ಫೋನು ಬಂದ್ಮೇಲೆ ಶುಕ್ರವಾರಾನೂ ಹೋಯ್ತಾ?" ಎಂದು ವಿಮಲಮ್ಮ ಸಿಡುಕಿದರು. ಸಿಡುಕಿದರೂ ಅವರ ಮುಖ ಬಾಡಿತ್ತು. "ಇನ್ನು ಎಷ್ಟು ಗೈರು ಆದ್ರೆ ತೆಗೀತಾರೆ?"

"ಇನ್ನೆರಡು ಅತ್ತೆ."

ವಿಮಲಮ್ಮ ದೇವರ ಗೂಡಿನ ಕಡೆ ನೋಡಿದರು.

ಭಾನುವಾರ ಚೈತ್ರ ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಹೋದಳು. ಬಾಗಲಕೋಟೆಯ ಕಡೆಯಿಂದ ಬಂದ ಶ್ರೀಶೈಲ ಎಂಬ ತರುಣ ಫೋನನ್ನು ಕೈಗೆ ತೆಗೆದುಕೊಂಡವನೇ, ಅಭ್ಯಾಸಬಲದಿಂದ ಬಾಟಲಿಯ ದ್ರವವನ್ನು ಎರಡು ಹನಿ ಹಾಕಿ ಗಾಜನ್ನು ಥಳಥಳ ಒರೆಸಿದ. ಆಮೇಲೆ ಕ್ಯಾಮೆರಾ ತೆರೆದು ತನ್ನ ಮೀಸೆಯನ್ನು ತಾನೇ ನೋಡಿಕೊಂಡು ತಿರುವಿದ.

"ಅಕ್ಕಾರ, ಇದರಾಗ ಏನೂ ತಕರಾರಿಲ್ರಿ. ನನ್ನ ಮೀಸಿ ಒಂದೊಂದು ಕೂದ್ಲಾನೂ ಎಣಿಸಬಹುದು, ನೋಡ್ರಿಲ್ಲೆ."

"ಶುಕ್ರವಾರ ಮಾತ್ರ ಕೆಡುತ್ತೆ ಅಣ್ಣಾ."

ಶ್ರೀಶೈಲ ಅವಳನ್ನೂ ಫೋನನ್ನೂ ಒಂದೊಂದು ಸಲ ನೋಡಿದ. "ವಾರ ನೋಡಿ ಕೆಡೋ ಫೋನು ನನ್ನ ಅಂಗಡಿಗೆ ಇದ ಮೊದಲ್ನೇದ್ರಿ," ಎಂದು ಹಣ ತೆಗೆದುಕೊಳ್ಳದೆ ಕಳಿಸಿದ.

ಮೂರನೆಯ ಶುಕ್ರವಾರ ಚೈತ್ರ ತಲೆಗೆ ಸ್ನಾನ ಮಾಡಲಿಲ್ಲ. ಕೂದಲನ್ನು ಬಿಗಿದು ಕಟ್ಟಿ, ಸೋಮವಾರ ಉಟ್ಟ ಅದೇ ಬಟ್ಟೆಯುಟ್ಟು, ಹತ್ತು ನಿಮಿಷ ಮುಂಚೆಯೇ ಗೇಟು ಸೇರಿದಳು. ಫೋನನ್ನು ಎತ್ತಿದಳು. ಹಿಂದಿನ ಎರಡು ವಾರಗಳ ಮಂಜು ಇದರ ಮುಂದೆ ಏನೂ ಅಲ್ಲ. ಇಂದು ಪರದೆಯ ತುಂಬ ಮುಳುಗುವ ಸೂರ್ಯನ ಬಣ್ಣ. ಅವಳ ಮೂಗು ಕೂಡ ಕಾಣಲಿಲ್ಲ. ಕೆಂಪು. ಕೆಂಪು. ಕೆಂಪು.

ಗಿರಿರಾಜ್ ತಲೆ ತಗ್ಗಿಸಿಯೇ ಮಾತಾಡಿದ. "ಮೂರಾಯ್ತು ಮೇಡಂ. ಬರೋ ಶುಕ್ರವಾರ ನಿಮ್ಮ ತಿಂಗಳ ರಿಪೋರ್ಟ್ ಕಳಿಸ್ಬೇಕು. ಅವತ್ತೂ ಹೀಗಾದ್ರೆ ನನ್ನ ಕೈಲಿ ಏನೂ ಇಲ್ಲ. ಮೂರಕ್ಕೇ ಮೇಲಿನೋರು ಏನಂತಾರೋ ಗೊತ್ತಿಲ್ಲ."

ಆ ರಾತ್ರಿ ತಟ್ಟೆಗಳಲ್ಲಿ ಬಿಸಿ ಮುದ್ದೆ, ಹಿದುಕಿದ ಅವರೆಬೇಳೆಯ ಸಾರು. ಇಡೀ ವರ್ಷ ಕಾದಿದ್ದ ಊಟ. ಎರಡನೆಯ ಸಲ ಸಾರಿಗೆ ಯಾರೂ ತಟ್ಟೆ ಚಾಚಲಿಲ್ಲ. ಯೋಗಾನಂದನೇ ಮೊದಲು ಬಾಯಿ ತೆರೆದ. "ಗುರುವಾರ ರಾತ್ರಿ ಸರಿಯಾಗಿರುತ್ತೆ. ಶುಕ್ರವಾರ ಎಂಟಕ್ಕೆ ಕೆಟ್ಟಿರುತ್ತೆ. ಅಂದ್ರೆ ಮಧ್ಯೆ ಏನೋ ನಡೀತಿದೆ. ಯಾರಾದ್ರೂ ಮುಟ್ತಾ ಇದೀರಾ?"

"ನಾನು ಮೀಟರ್ ಬಿಟ್ಟು ಅಲ್ಲಾಡಿಲ್ಲ," ಎಂದರು ಚನ್ನಕೇಶವ.

"ನಾನು ಏಳೋದೇ ಏಳು ಗಂಟೆಗೆ," ಎಂದಳು ಸ್ಪಂದನ.

ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು.

"ನನ್ನ ಯಾಕೆ ಹಂಗೆ ನೋಡ್ತೀರಾ?" ವಿಮಲಮ್ಮನ ದನಿ ಏರಿತು. "ಆ ಫೋನು ನನಗ್ಯಾಕೆ? ಮುಟ್ಟೋಕಾದ್ರೂ ಬತ್ತದಾ ನನಗೆ?"

ಮೂರು ವಾರದಿಂದ ಕಟ್ಟಿಕೊಂಡಿದ್ದ ಕಟ್ಟೆ ಚೈತ್ರಳಲ್ಲಿ ಒಡೆಯಿತು. "ನಾನು ಈ ಕೆಲ್ಸ ಬಿಟ್ಟು ಮನೇಲಿರ್ಲಿ ಅಂತ ಯಾರಿಗಾದ್ರೂ ಆಸೆ ಇದ್ರೆ ನೇರವಾಗಿ ಹೇಳ್ಬಿಡಿ ಅತ್ತೆ. ಫೋನಿನ ಮೇಲೆ ಯಾಕೆ ತೀರಿಸ್ಕೋಬೇಕು?"

"ಚೈತ್ರ!" ಎಂದ ಯೋಗಾನಂದ.

ವಿಮಲಮ್ಮ ತಟ್ಟೆ ಸರಿಸಿದರು. ಎದ್ದು ಹೋಗಿ, ಸೊಸೆಯ ಖಾಲಿ ಡಬ್ಬಿಯನ್ನು ತೊಳೆದು, ಬೋರಲು ಹಾಕಿ ಮಲಗಿದರು. ಮರುದಿನ ಡಬ್ಬಿಯಲ್ಲಿ ರೊಟ್ಟಿ ಇತ್ತು, ಚಟ್ನಿಯೂ ಇತ್ತು. ಆದರೆ ಆರು ದಿನ ಅತ್ತೆ ಸೊಸೆಯರ ನಡುವೆ "ಉಪ್ಪು ಇದೆಯಾ", "ಹ್ಞೂಂ" ಎಂಬುದಕ್ಕಿಂತ ಹೆಚ್ಚಿನ ಮಾತು ಹರಿಯಲಿಲ್ಲ. ಸಿ ಬ್ಲಾಕಿನ ಸಮಾಚಾರವನ್ನು ಚೈತ್ರ ಹೇಳಲಿಲ್ಲ, ಕೇಳುವವರೂ ಕೇಳಲಿಲ್ಲ.

ನಾಲ್ಕನೆಯ ಶುಕ್ರವಾರ. ಬೆಳಗಿನ ಐದೂವರೆ.

ಚೈತ್ರ ಎಂದಿನಂತೆ ಬಚ್ಚಲಿಗೆ ಹೋದಳು. ನಲ್ಲಿಯನ್ನು ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟಳು. ಆದರೆ ಒಳಗೆ ನಿಲ್ಲದೆ, ಬೆಕ್ಕಿನ ಹೆಜ್ಜೆಯಲ್ಲಿ ಹೊರಬಂದು, ಬಾಗಿಲನ್ನು ಎಳೆದುಕೊಂಡು ಪಡಸಾಲೆಯ ಪರದೆಯ ಮರೆಯಲ್ಲಿ ನಿಂತಳು. ನೀರಿನ ಸದ್ದು ಅವಳು ಸ್ನಾನದಲ್ಲಿದ್ದಾಳೆಂದು ಮನೆಗೆಲ್ಲ ಸಾಕ್ಷಿ ಹೇಳುತ್ತಿತ್ತು.

ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ವಿಮಲಮ್ಮ ಮಂಗಳಾರತಿ ಮುಗಿಸಿ, ಅತ್ತ ಇತ್ತ ನೋಡಿದರು. ಮೆಲ್ಲನೆ ಚಾರ್ಜಿನ ತಂತಿ ಬಿಡಿಸಿದರು. ಫೋನನ್ನು ಎರಡೂ ಕೈಯಲ್ಲಿ, ಎಳೆಗೂಸನ್ನು ಎತ್ತುವಂತೆ ಎತ್ತಿ, ವೀಳ್ಯದೆಲೆಯ ಮೇಲೆ ಮಲಗಿಸಿದರು. ಬಟ್ಟಲಲ್ಲಿ ತುಪ್ಪಕ್ಕೆ ಕಲಸಿಟ್ಟ ಕುಂಕುಮದಲ್ಲಿ ಉಂಗುರದ ಬೆರಳು ಅದ್ದಿ, ಪರದೆಯ ಮೇಲಂಚಿನ ನಟ್ಟ ನಡುವೆ ದುಂಡನೆಯ ಬೊಟ್ಟಿಟ್ಟರು. ಕಣ್ಣು ಮುಚ್ಚಿದರು.

"ಭೈರವೇಶ್ವರ, ಇವತ್ತೊಂದು ದಿನ ದಾಟಿಸಪ್ಪ. ನನ್ನ ಸೊಸೆ ಮುಖ ಇದಕ್ಕೆ ಚೆನ್ನಾಗಿ ಕಾಣೋ ಹಂಗೆ ಮಾಡು. ಅವಳ ಕೆಲ್ಸ ಉಳೀಲಿ. ಈ ಮಿಷನ್ನಿಗೆ ಒಳ್ಳೇ ಬುದ್ಧಿ ಕೊಡು."

ಬಳಿಕ ಕಣ್ಣು ತೆರೆದು, ಯಾರಿಗೂ ಗೊತ್ತಾಗಬಾರದೆಂದು ಸೆರಗಿನ ತುದಿಯಿಂದ ಬೊಟ್ಟನ್ನು ನೀಟಾಗಿ ಒರೆಸಿದರು.

ಚೈತ್ರ ಪರದೆ ಸರಿಸಿ ಮುಂದೆ ಬಂದಳು. "ಅತ್ತೆ..."

ವಿಮಲಮ್ಮ ಬೆಚ್ಚಿ ಬಿದ್ದರು. "ನೀನು ಬಚ್ಚಲಲ್ಲಿ ಇಲ್ವಾ? ನಾನು... ಧೂಳು ಒರೆಸ್ತಾ ಇದ್ದೆ ಕಣೇ."

"ಬೊಟ್ಟು ಅಲ್ಲೇ ಯಾಕೆ ಇಟ್ರಿ?"

ಸಿಕ್ಕಿಬಿದ್ದ ಮೇಲೆ ಬಚ್ಚಿಡುವುದೇನು? "ಮತ್ತೆ ಬೊಟ್ಟು ಇನ್ನೆಲ್ಲಿಡ್ತಾರೆ? ಹಣೇಗಲ್ವಾ? ಇಲ್ನೋಡು, ನಡೂಮಧ್ಯಕ್ಕೆ ಕರಿ ಚುಕ್ಕೆ ಬೇರೆ ಮಾಡಿ ಕೊಟ್ಟವ್ರೆ, ಬೊಟ್ಟಿನ ಜಾಗ ಇದೇ ಅಂತ. ಮಾಡಿದೋರು ಯಾರೋ ತಿಳಿದೋರು."

ಚೈತ್ರ ಕ್ಯಾಮೆರಾ ತೆರೆದು ಫೋನನ್ನು ಅತ್ತೆಯ ಮುಖದ ಮುಂದೆ ಹಿಡಿದಳು. ಪರದೆಯ ತುಂಬ ಕೆಂಪು ಮಂಜು. ಸೀಗೆಪುಡಿಯ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಆ ಕರಿಚುಕ್ಕೆಯನ್ನು ಒರೆಸಿ ಮತ್ತೆ ಹಿಡಿದಳು. ಮೂಗುಬೊಟ್ಟಿನ ಹರಳು ಸಮೇತ ವಿಮಲಮ್ಮ ವಿಮಲಮ್ಮನನ್ನೇ ನೋಡುತ್ತಿದ್ದರು.

"ಆ ಚುಕ್ಕೇನೇ ಇದರ ಕಣ್ಣು ಅತ್ತೆ."

ವಿಮಲಮ್ಮ ಕುಕ್ಕರಿಸಿ ಕುಳಿತುಬಿಟ್ಟರು. "ಅಯ್ಯೋ ಶಿವನೇ. ಕಣ್ಣಿಗೆ ತುಪ್ಪ ಹಚ್ಚಿ, ಸರಿಯಾಗಿ ನೋಡು ಅಂತ ಬೇಡ್ಕೊಂಡ್ನಾ? ಮೊದಲ್ನೇ ವಾರ ಒಂದೇ ಬೊಟ್ಟು ಇಟ್ಟಿದ್ದೆ. ಗೈರಾಯ್ತು ಅಂದೆಯಲ್ಲ, ಎರಡ್ನೇ ವಾರ ಅರಿಶಿನಾನೂ ಸೇರಿಸ್ದೆ. ಹೋದ ವಾರ ಹಣೆ ಉದ್ದಕ್ಕೂ ಪಟ್ಟಿ ಹೊಡೆದಿದ್ದೆ ಕಣೇ ತಾಯಿ!"

ಚೈತ್ರಳಿಗೆ ನಗು ಎಲ್ಲಿಂದ ಉಕ್ಕಿತೋ, ಗೋಡೆ ಹಿಡಿದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಕೆಲ್ಸಕ್ಕೆ ಹೋಗ್ಬೇಡ ಅಂತ ನೀವೇ ಅಲ್ವಾ ಅತ್ತೆ ಅಂತಿದ್ದಿದ್ದು?"

"ಅಂದೆ. ಅತ್ತೆ ಆದ್ಮೇಲೆ ಅಷ್ಟೂ ಅನ್ನದೆ ಇದ್ರೆ ಬೀದಿಯೋರು ಏನಂತಾರೆ? ನೀನು ಸಾಯಂಕಾಲ ಬಂದು ಆ ಮನೆಗಳ ಕತೆ ಹೇಳ್ತೀಯಲ್ಲ, ಅದು ಕೇಳ್ದೆ ಆರು ದಿನದಿಂದ ನನಗೆ ಅನ್ನ ಇಳೀತಿಲ್ಲ. ನಾನು ಈ ಬೀದಿ ಬಿಟ್ಟು ಇನ್ನೇನು ಕಂಡಿದೀನಿ?"

"ಅವತ್ತು ನಾನು ಅಂದಿದ್ದು ತಪ್ಪಾಯ್ತು ಅತ್ತೆ."

"ಅನ್ನಿಸ್ಕೊಳ್ಳೋ ಕೆಲ್ಸಾನೇ ಮಾಡಿದೀನಿ, ಬಿಡು."

"ಯಾರ್ರೀ ಅದು ನಲ್ಲಿ ಬಿಟ್ಟಿರೋದು?" ಚನ್ನಕೇಶವರ ಗರ್ಜನೆ ಬಚ್ಚಲಿನಿಂದ ಕೇಳಿಸಿತು. "ಬಕೆಟ್ ತುಂಬಿ ಹರೀತಾ ಇದೆ! ಕಾವೇರಿ ನೀರು ಕಣ್ರೋ ಇದು!"

ಅಂದು ಎಂಟಕ್ಕೆ ಐದು ನಿಮಿಷವಿರುವಾಗ ಹಸಿರು ಗೆರೆ ಚೈತ್ರಳ ಮುಖವನ್ನು ಸುತ್ತಿ ಬಂತು. ಆದರೆ ಅವಳ ಪಕ್ಕದಲ್ಲಿ ಇನ್ನೊಬ್ಬರಿದ್ದರು. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆಯುಟ್ಟು, ಜೀವನದಲ್ಲಿ ಮೊದಲ ಬಾರಿಗೆ ಮೆಟ್ರೋ ಏರಿ, ವಿಮಲಮ್ಮ ಬಂದಿದ್ದರು. ಇವತ್ತಿನದು ದಾಟಿದರೂ ಹಿಂದಿನ ಮೂರು ಗೈರು ಸೊಸೆಯ ಹೆಸರಲ್ಲೇ ಉಳಿದಿವೆಯಲ್ಲ ಎಂಬುದೇ ಅವರ ಸಂಕಟ. "ಮಾಡಿದೋಳು ನಾನು. ಗೈರು ನಿನಗ್ಯಾಕೆ?" ಎಂದು ಮನೆಯಲ್ಲಿ ಹೇಳಿ ಸೊಸೆಯ ಜೊತೆ ಹೊರಟೇಬಿಟ್ಟಿದ್ದರು.

ಗಿರಿರಾಜ್ ಪೂರ್ತಿ ಕತೆಯನ್ನು ಸಾವಧಾನದಿಂದ ಕೇಳಿದ. ಕೇಳಿ, ವಿಷಾದದಿಂದ ತಲೆಯಾಡಿಸಿದ. "ಅಮ್ಮಾ, ನನಗೆ ನಂಬಿಕೆ ಇದೆ. ಆದ್ರೆ ಮೇಲಿನೋರಿಗೆ ಬೊಟ್ಟು ಅಂತ ಬರೆದ್ರೆ ನಗ್ತಾರೆ. ಒರೆಸಿದ ಮೇಲೂ ಕ್ಯಾಮೆರಾ ಕಾಣಲ್ಲ ಅಂದ್ರೆ ಯಾರು ಒಪ್ತಾರೆ?"

"ನಿಮ್ಮ ಹಾಜರಿ ಆಯ್ತಾ ಸಾರ್?"

"ಇನ್ನೂ ಇಲ್ಲ. ನನಗೆ ಒಂಬತ್ತರವರೆಗೂ ಟೈಮಿದೆ."

"ಫೋನು ಕೊಡಿ ಇಲ್ಲಿ."

ಆ ದನಿಗೆ ಅವನು ಕೈ ಚಾಚಿ ಫೋನು ಕೊಟ್ಟೇಬಿಟ್ಟ. ವಿಮಲಮ್ಮ ಸೊಸೆಯ ಡಬ್ಬಿ ತೆರೆದು, ರೊಟ್ಟಿಯ ಮೇಲೆ ಹೆಪ್ಪುಗಟ್ಟಿದ್ದ ತುಪ್ಪದಲ್ಲಿ ಬೆರಳು ಅದ್ದಿ, ತಮ್ಮ ಹಣೆಯ ಕುಂಕುಮವನ್ನೇ ಒಂದಿಷ್ಟು ತೆಗೆದು ಬೆರೆಸಿ, ಫೋನಿನ ಕರಿಚುಕ್ಕೆಯ ಮೇಲೆ ಬೊಟ್ಟಿಟ್ಟರು. ಸೆರಗಿನಿಂದ ಒರೆಸಿ ಮರಳಿಸಿದರು. "ಈಗ ತೆಗೀರಿ."

ಗಿರಿರಾಜ್ ನಗುತ್ತಲೇ ಫೋನು ಎತ್ತಿದ. ಮುಖ ಸ್ಪಷ್ಟವಾಗಿಲ್ಲ. ನಗು ಕಡಿಮೆಯಾಯಿತು. ಅಂಗಿಯ ತೋಳಿನಿಂದ ಉಜ್ಜಿ ಮತ್ತೆ ಎತ್ತಿದ. ಮುಖ ಸ್ಪಷ್ಟವಾಗಿಲ್ಲ. ಎದ್ದು ಕಿಟಕಿಯ ಬೆಳಕಿಗೆ ಹೋಗಿ, ಉಸಿರು ಬಿಗಿಹಿಡಿದು, ಕೊನೆಯ ಸಲ ಪರದೆಯನ್ನು ಮುಟ್ಟಿದ.

"ಅಯ್ಯೋ, ಗೈರಾಗೋಯ್ತು!" ಎಂದು ಅವನು ಕೂಗಿದ್ದು ವರಾಂಡದವರೆಗೂ ಕೇಳಿಸಿತು.

ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಮುತ್ತವ್ವ ಒರೆಸುವ ಕೋಲನ್ನು ಗೋಡೆಗೆ ಆನಿಸಿ ಒಳಗೆ ಇಣುಕಿದಳು. "ಸಾಹೇಬ್ರ, ನಂದೂ ಹಿಂಗ ಆಗ್ತೈತ್ರಿ, ಶುಕ್ರಾರಕ್ಕೊಮ್ಮೆ. ನಾನೂ ಅಲ್ಲೇ ಇಡ್ತೀನ್ರಿ ಬೊಟ್ಟು."

ಗಿರಿರಾಜ್ ಅವಳನ್ನು ನೋಡಿದ. ತಟಕ್ಕನೆ ಕುಳಿತು ಕಂಪ್ಯೂಟರಿನಲ್ಲಿ ಹಾಜರಿ ಪಟ್ಟಿ ತೆರೆದ. ಮುತ್ತವ್ವ, ಶುಕ್ರವಾರ. ತೋಟದ ಕೆಲಸದ ಹಾಲವ್ವ, ಶುಕ್ರವಾರ. ಎ ಬ್ಲಾಕಿನ ಲತಾ, ಶುಕ್ರವಾರ, ಮತ್ತೆ ಶುಕ್ರವಾರ. ಪಟ್ಟಿ ಕೆಳಗಿಳಿದಂತೆ ಅವನ ಮುಖದಲ್ಲಿ ಬೆವರು ಮೂಡಿತು.

"ಒಂಬತ್ತು ಜನ," ಎಂದ ಮೆಲ್ಲಗೆ. "ಹೆಂಗಸರು ಶುಕ್ರವಾರ ಸರಿಯಾಗಿ ಬರಲ್ಲ ಅಂತ ಆರು ತಿಂಗಳಿಂದ ನಾನೇ ಮೇಲಕ್ಕೆ ಬರೀತಿದೀನಿ."

"ಬಂದವ್ರೆ ಸಾರ್," ಎಂದರು ವಿಮಲಮ್ಮ. "ಬಂದು, ದುಡಿದು, ಗೈರಾಗಿ ಹೋಗವ್ರೆ."

ಅನಂತರ ಗಿರಿರಾಜ್ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಒಂಬತ್ತು ಜನರ ಶುಕ್ರವಾರಗಳನ್ನೂ, ಚೈತ್ರಳ ಮೂರು ದಿನಗಳನ್ನೂ, ಅಂದಿನ ತನ್ನದನ್ನೂ ಒಂದೇ ಪತ್ರದಲ್ಲಿ ಸೇರಿಸಿ, ಎಲ್ಲವನ್ನೂ ಹಾಜರಿಯೆಂದು ತಿದ್ದಬೇಕೆಂದು ಮೇಲಿನವರಿಗೆ ಬರೆದ. ತನ್ನದೂ ಇದ್ದುದರಿಂದಲೋ ಏನೋ, ಪತ್ರಕ್ಕೆ ವಿಶೇಷ ಬಿಸಿ ಬಂತು. ಹತ್ತು ನಿಮಿಷದಲ್ಲಿ ಮೇಲಿನ ಕಚೇರಿಯಿಂದಲೇ ಕರೆ ಬಂತು. ಅವನು "ಹೌದು ಸಾರ್, ಬೊಟ್ಟೇ ಸಾರ್, ನನ್ನ ಫೋನಲ್ಲೇ ನೋಡ್ದೆ ಸಾರ್" ಎಂದು ಎದ್ದು ನಿಂತೇ ಉತ್ತರಿಸಿದ. ಫೋನಿಟ್ಟು ನಿಟ್ಟುಸಿರು ಬಿಟ್ಟ. "ತಿದ್ತಾರಂತೆ. ಎಲ್ಲರದ್ದೂ."

ಮುತ್ತವ್ವ ಕೋಲು ಹಿಡಿದೇ ಓಡಿದಳು, ಸುದ್ದಿ ಹೇಳಲು.

ಗಿರಿರಾಜ್ ಈಗ ಸಿಬ್ಬಂದಿಗೊಂದು ಸೂಚನೆ ಬರೆಯತೊಡಗಿದ. ಬರೆಯುತ್ತಾ ಗಟ್ಟಿಯಾಗಿ ಓದಿದ. "ಇನ್ನು ಮುಂದೆ ಯಾರೂ ತಮ್ಮ ಫೋನಿಗೆ ಅರಿಶಿನ ಕುಂಕುಮ ಇಡಬಾರದು..."

"ಹಂಗೆ ಬರೀಬೇಡಿ ಸಾರ್, ಯಾರೂ ಕೇಳಲ್ಲ. ನನ್ನ ಮಗ ಹಂಗೆ ಹೇಳಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಎಲ್ಲಿಡ್ಬೇಕು ಅಂತ ಬರೀರಿ."

ಗಿರಿರಾಜ್ ಒಂದು ಕ್ಷಣ ಯೋಚಿಸಿ, ಬರೆದದ್ದನ್ನು ಅಳಿಸಿ, "ಎಲ್ಲಿಡ್ಬೇಕು ಅಮ್ಮಾ?" ಎಂದು ವಿನಯದಿಂದ ಕೇಳಿದ.

"ಬೆನ್ನ ಮೇಲೆ, ಕೆಳಗಡೆ. ಅಲ್ಲಿ ಕಣ್ಣು ಇಲ್ಲ ತಾನೆ?"

"ಇಲ್ಲ ಅಮ್ಮಾ."

ಚೈತ್ರ ಇನ್ನು ತಡೆಯಲಾರದಾದಳು. "ಸಾರ್, ನನ್ನ ರಿಪೋರ್ಟು?"

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಅಲ್ಲಿ ಎರಡೇ ಸಾಲುಗಳಿದ್ದವು. ಕೆಲಸ ಚೆನ್ನಾಗಿದೆ. ಖಾಯಂ ಮಾಡಬಹುದು.

ಅತ್ತೆಯನ್ನು ಗೇಟಿನವರೆಗೆ ಬಿಡಲು ಚೈತ್ರ ಜೊತೆಯಲ್ಲಿ ನಡೆದಳು. ವಿಮಲಮ್ಮ ತಲೆಯೆತ್ತಿ, ಹನ್ನೆರಡು ಮಹಡಿಗಳ ಬಾಲ್ಕನಿಗಳನ್ನೂ ಅಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನೂ ನಿಧಾನವಾಗಿ, ಒಂದನ್ನೂ ಬಿಡದೆ ನೋಡಿದರು. ನೋಡಿ ಮುಗಿದ ಮೇಲೆ ಸೊಸೆ ಇನ್ನೂ ಪಕ್ಕದಲ್ಲೇ ನಿಂತಿರುವುದು ಅವರ ಗಮನಕ್ಕೆ ಬಂತು.

"ಇಲ್ಲೇನು ಮಾಡ್ತಾ ನಿಂತಿದೀಯೇ? ಕೆಲ್ಸದ ಹೊತ್ತಲ್ಲಿ ಅತ್ತೆ ಜೊತೆ ಹರಟೆ ಹೊಡೀತಾಳೆ ಅಂತ ಆ ಸಾರ್ ಬರೆದಾರು. ನಡಿ ಒಳಗೆ!"

ಚೈತ್ರ ನಗುತ್ತಾ ಕಚೇರಿಯ ಕಡೆಗೆ ಓಡಿದಳು.